ಚೇನಿ ವಾಕ್‌ನ 98ನೇ ಮನೆ: ಒಂದು ನೀಲಿ ಫಲಕದ ಒಳಹೊರಗು

ಸ್ನೇಹಿತರೆ, ಲಂಡನ್ನಿನ ಚೆಲ್ಸಿಯಲ್ಲಿ, ಥೇಮ್ಸ್ ದಂಡೆಗೆ ಮುಖ ಮಾಡಿದ ಬೀದಿ ಚೇನಿ ವಾಕ್. 1674ರಲ್ಲಿ ಕಟ್ಟಿದ ಲಿಂಡ್ಸೆ ಹೌಸ್ ಎಂಬ ದೊಡ್ಡ ಮನೆಯನ್ನು ಮುಂದೆ 1775ರಲ್ಲಿ ಪಾಲು ಮಾಡಿದರು. ಆ ಪಾಲುಗಳಲ್ಲೊಂದು 98ನೇ ನಂಬರಿನದು. 1954ರಲ್ಲಿ ಅಂದಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್ ಅದರ ಗೋಡೆಗೆ, ಹೆಸರಾಂತರು ಬಾಳಿದ ಮನೆ ಎಂದು ಗುರುತಿಸುವ ದುಂಡನೆಯ ನೀಲಿ ಫಲಕ ಕೂರಿಸಿತು. ಮಾರ್ಕ್ ಇಸಂಬಾರ್ಡ್ ಬ್ರೂನೆಲ್ (1769–1849), ಮಗ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ (1806–1859), ಸಿವಿಲ್ ಎಂಜಿನಿಯರುಗಳು, ಇಲ್ಲಿ ವಾಸವಿದ್ದರು. ಬರಹ ಇಷ್ಟೇ.

ತಂದೆ ಫ್ರಾನ್ಸಿನ ನಾರ್ಮಂಡಿಯವರು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಅಮೆರಿಕಕ್ಕೆ ತಪ್ಪಿಸಿಕೊಂಡು ಹೋಗಿ, 1799ರಲ್ಲಿ ಇಂಗ್ಲೆಂಡಿಗೆ ಬಂದವರು ಮಾರ್ಕ್. ನೌಕಾಪಡೆಯ ಹಡಗುಗಳಿಗೆ ಬೇಕಾದ ಮರದ ರಾಟೆಗಳನ್ನು ಮಾಡಲು ಪೋರ್ಟ್ಸ್‌ಮತ್‌ನಲ್ಲಿ 45 ಯಂತ್ರಗಳನ್ನು ನಿಲ್ಲಿಸಿದರು. 110 ಜನರ ಕೆಲಸ 10 ಜನರಿಗೆ ಇಳಿಯಿತು.

ಅವರು ಬೇರೆ ಮನೆಗಳಲ್ಲೂ ಇದ್ದರು. ಆದರೂ ಈ ಮನೆಗೇ ಫಲಕ ಸಲ್ಲುತ್ತದೆ ಎನ್ನಲು ನನಗೆ ಕಾಣುವ ಕಾರಣ ನದಿಯ ಆಚೆ ದಡದಲ್ಲಿದೆ. ಈ ಮನೆಯಲ್ಲಿದ್ದಾಗ ಅಲ್ಲಿನ ಬ್ಯಾಟರ್‌ಸೀಯಲ್ಲಿ ಮಾರ್ಕ್ ಮರ ಕೊಯ್ಯುವ ಕಾರ್ಖಾನೆ ನಡೆಸುತ್ತಿದ್ದರು, ಸೈನಿಕರ ಬೂಟುಗಳನ್ನು ಯಂತ್ರದಿಂದ ಮಾಡಿಸುತ್ತಿದ್ದರು. 1814ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ನೆಪೋಲಿಯನ್ ವಿರುದ್ಧದ ಯುದ್ಧ ಮುಗಿದ ಮೇಲೆ ಬೂಟು ಕೇಳುವವರಿಲ್ಲ. 1821ರಲ್ಲಿ ಸಾಲಗಾರರ ಸೆರೆಮನೆ ಸೇರಿದರು; ಸರ್ಕಾರ 5,000 ಪೌಂಡ್ ಕೊಟ್ಟ ಮೇಲೆ ಬಿಡುಗಡೆ. ಈ ಏರಿಳಿತದ ನಡುವೆಯೇ, 1818ರಲ್ಲಿ, ಸುರಂಗ ಕೊರೆಯುವಾಗ ಮಣ್ಣು ಕುಸಿಯದಂತೆ ತಡೆದು ಕೆಲಸಗಾರರನ್ನು ಕಾಯುವ ಕವಚಕ್ಕೆ ಪೇಟೆಂಟ್ ಪಡೆದರು.

ನದಿಯ ಅಡಿಯಲ್ಲಿ 1825ರಲ್ಲಿ ಶುರುವಾದ ಥೇಮ್ಸ್ ಸುರಂಗದಲ್ಲಿ ಬಳಸಿದ ಕವಚಕ್ಕೆ ಅಕ್ಕಪಕ್ಕ 12 ಕಬ್ಬಿಣದ ಚೌಕಟ್ಟು, ಒಂದೊಂದಕ್ಕೂ ಮೂರು ಅಂತಸ್ತು, ಒಟ್ಟು 36 ಗೂಡು. ಗೂಡಿಗೊಬ್ಬ ಕೆಲಸಗಾರ. ಎದುರಿನ ಮಣ್ಣಿಗೆ ಒತ್ತಿ ಹಿಡಿದ ಹಲಗೆಗಳಲ್ಲಿ ಒಂದನ್ನಷ್ಟೇ ತೆಗೆದು, ನಾಲ್ಕೂವರೆ ಅಂಗುಲ ಅಗೆದು, ಅದನ್ನು ತಿರುಪಿನ ಜಾಕ್‌ನಿಂದ ಮತ್ತೆ ಒತ್ತಿ ನಿಲ್ಲಿಸಿ, ಆಮೇಲೆ ಮುಂದಿನ ಹಲಗೆ. ಹಿಂದಿನಿಂದಲೇ ಸುರಂಗಕ್ಕೆ ಇಟ್ಟಿಗೆಯ ಗೋಡೆ ಕಟ್ಟುತ್ತ ಬರುತ್ತಿದ್ದರು. ಇಷ್ಟು ಮಾಡಿಯೂ 1827ರಲ್ಲಿ ನದಿ ಒಳನುಗ್ಗಿತು, 1828ರಲ್ಲಿ ಮತ್ತೆ ನುಗ್ಗಿ ಆರು ಜನರನ್ನು ಬಲಿ ತೆಗೆದುಕೊಂಡಿತು. ಸುರಂಗ ತೆರೆದದ್ದು 1843ರಲ್ಲಿ. ಇವತ್ತಿಗೂ ಅದರಲ್ಲಿ ರೈಲು ಓಡುತ್ತಿದೆ.

ಈಗ ಫಲಕದ ವಿಷಯ. ಇಂದು ಇಂಗ್ಲಿಷ್ ಹೆರಿಟೇಜ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ ಹಾಕುವ ನೀಲಿ ಫಲಕದ ಅಡ್ಡಳತೆ 495 ಮಿಲಿಮೀಟರ್, ದಪ್ಪ 50. ನೀರಾಗಿ ಕಲಸಿದ ಜೇಡಿಯನ್ನು ಪ್ಲಾಸ್ಟರ್ ಅಚ್ಚಿಗೆ ಹುಯ್ಯುತ್ತಾರೆ. ಅಚ್ಚು ನೀರನ್ನು ಹೀರಿ ಜೇಡಿ ಗಟ್ಟಿಯಾಗುತ್ತದೆ. ಅಕ್ಷರಗಳ ಅಂಚನ್ನು ಕೈಯಿಂದಲೇ, ನಮ್ಮಲ್ಲಿ ಗೋರಂಟಿ ಕೋನ್ ಹಿಡಿದು ಎಳೆ ಬಿಡುವಂತೆ, ತೆಳು ಜೇಡಿಯಿಂದ ಎಳೆಯುತ್ತಾರೆ. ಈ ಉಬ್ಬಿದ ಅಂಚು ಅಂದಕ್ಕಲ್ಲ: ಅದು ಬದು. ಒಳಗಿನ ಬಿಳಿ ಮೆರುಗು, ಹೊರಗಿನ ನೀಲಿ ಮೆರುಗು ಆವಿಗೆಯಲ್ಲಿ ಕರಗಿದಾಗ ಒಂದಕ್ಕೊಂದು ಬೆರೆಯದಂತೆ ತಡೆಯುತ್ತದೆ. ಒಣಗುವಾಗ, ಬೇಯುವಾಗ ಮಣ್ಣು ಕುಗ್ಗುವುದರಿಂದ ಅಚ್ಚು ದೊಡ್ಡದಿರಬೇಕು. ಅವಸರ ಮಾಡಿ ಒಂದು ಬದಿ ಬೇಗ ಒಣಗಿಸಿದರೆ ಬಿಲ್ಲೆ ಸೊಟ್ಟಗಾಗುತ್ತದೆ ಇಲ್ಲವೇ ಬಿರಿಯುತ್ತದೆ. ಮುಖ ತುಸು ಉಬ್ಬಾಗಿರುವುದರಿಂದ ಮಳೆಯೇ ಧೂಳು ತೊಳೆಯುತ್ತದೆ.

ಕೂರಿಸುವಾಗ ಗೋಡೆಯಲ್ಲಿ ಫಲಕದ ದಪ್ಪಕ್ಕೆ ಗುಂಡಿ ಕಡಿದು, ಗಾರೆಯಲ್ಲಿ ಹುದುಗಿಸುತ್ತಾರೆ. ಹಳೆಯ ಮೆದು ಇಟ್ಟಿಗೆಗೆ ಗಡಸು ಸಿಮೆಂಟ್ ಹೊಂದುವುದಿಲ್ಲ. ತೇವ ಅದರ ಮೂಲಕ ಹೊರಬರಲಾರದೆ ಸುತ್ತಲಿನ ಇಟ್ಟಿಗೆಯನ್ನೇ ಉದುರಿಸುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಸರಿ. ಲೋಹದ ಫಲಕವನ್ನು ಕಬ್ಬಿಣದ ತಿರುಪಿನಿಂದ ಬಿಗಿದರೆ ಇನ್ನೊಂದು ತಂಟೆ: ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಲ್ಲನ್ನೂ ಸೀಳುತ್ತದೆ.

ಇಂಗ್ಲಿಷ್ ಹೆರಿಟೇಜ್‌ನ ಕಟ್ಟಳೆಗಳೂ ಕೆಲವಿವೆ. ವ್ಯಕ್ತಿ ತೀರಿ 20 ವರ್ಷ ಕಳೆದಿರಬೇಕು, ಅವರಿದ್ದ ಕಟ್ಟಡವೇ ಉಳಿದಿರಬೇಕು, ಫಲಕ ಬೀದಿಯಿಂದ ಕಾಣಬೇಕು, ಮಾಲೀಕರು ಒಪ್ಪಬೇಕು.

ಆದರೆ ಫಲಕ ಹಾಕಿದ ಮಾತ್ರಕ್ಕೆ ಮನೆಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಅದಕ್ಕೆ ಸಂರಕ್ಷಿತ ಕಟ್ಟಡಗಳ ಪಟ್ಟಿ ಬೇರೆಯೇ ಇದೆ, ಲಿಂಡ್ಸೆ ಹೌಸ್ ಅದರಲ್ಲಿ ಸೇರಿದೆ. ಲಂಡನ್ನಿನ ಈ ಪರಂಪರೆಯ ಮೊಟ್ಟಮೊದಲ ಫಲಕವನ್ನು 1867ರಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ ಹಾಕಿದ್ದರು. ಆ ಮನೆಯನ್ನು 1889ರಲ್ಲಿ ಕೆಡವಿದರು.