ಒಂದೇ ಆ್ಯಪ್, ಹಲವು ಆಂಡ್ರಾಯ್ಡ್

ಕೇಳುಗರೆಲ್ಲರಿಗೂ ನಮಸ್ಕಾರ.

ಪಕ್ಕದ ಮನೆಯವರ ಫೋನಿನಲ್ಲಿ ಚೆನ್ನಾಗಿ ನಡೆಯುವ ಆ್ಯಪ್ ನಿಮ್ಮ ಫೋನಿನಲ್ಲಿ ತೆರೆದ ಕೂಡಲೇ ಮುಚ್ಚಿಹೋಗುತ್ತದೆ. ಫೋನ್ ಹಳೆಯದಾಯಿತು ಅಂತ ನೀವು ಸುಮ್ಮನಾಗುತ್ತೀರಿ, ಅಲ್ವಾ? ಎಷ್ಟೋ ಸಲ ತಪ್ಪು ಫೋನಿನದಲ್ಲ, ಆ್ಯಪ್ ಬರೆದವರದು. ನಾನೂ ಆ್ಯಪ್ ಬರೆಯುವವಳೇ.

ಒಂದು ಸಣ್ಣ ಕೆಲಸ ತೆಗೆದುಕೊಳ್ಳೋಣ. ಮಾತ್ರೆ ನುಂಗುವ ಹೊತ್ತಾಯಿತು ಅಂತ ಅಜ್ಜಿಗೆ ನೆನಪಿಸುವ ನೋಟಿಫಿಕೇಶನ್. ಆಂಡ್ರಾಯ್ಡ್ 7 ಇರುವ ಫೋನಿನಲ್ಲಿ ಅದನ್ನು ನೇರವಾಗಿ ತೋರಿಸಬಹುದು. 2017ರಲ್ಲಿ ಆಂಡ್ರಾಯ್ಡ್ 8 ಬಂತು. ಅಲ್ಲಿಂದಾಚೆಗೆ ಮೊದಲು ಒಂದು ಚಾನೆಲ್, ಅಂದರೆ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸುವ ಗುಂಪು, ಮಾಡಬೇಕು, ಇಲ್ಲದಿದ್ದರೆ ನೋಟಿಫಿಕೇಶನ್ ಕಾಣುವುದೇ ಇಲ್ಲ. ಆದರೆ ಆಂಡ್ರಾಯ್ಡ್ 7ಕ್ಕೆ ಚಾನೆಲ್ ಅಂದರೇನೆಂದೇ ಗೊತ್ತಿಲ್ಲ. ಅಲ್ಲಿ ಅದನ್ನು ಮಾಡಲು ಹೋದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. 2022ರ ಆಂಡ್ರಾಯ್ಡ್ 13ರಿಂದ ಅಜ್ಜಿಯ ಅನುಮತಿಯನ್ನೂ ಕೇಳಬೇಕು.

ಹಾಗಂತ ಮೂರು ಆ್ಯಪ್ ಬರೆಯಬೇಕಿಲ್ಲ. ಪ್ರತಿ ಆವೃತ್ತಿಗೂ ಎಪಿಐ ಲೆವೆಲ್ ಅನ್ನುವ ಸಂಖ್ಯೆ ಇದೆ. ಎಂಟಕ್ಕೆ 26, ಹದಿಮೂರಕ್ಕೆ 33. ಕೋಡ್ ಫೋನನ್ನೇ ಕೇಳುತ್ತದೆ: ನಿನ್ನ ಸಂಖ್ಯೆ ಎಷ್ಟು? 26 ಅಥವಾ ಜಾಸ್ತಿ ಇದ್ದರೆ ಚಾನೆಲ್ ಮಾಡು. 33 ಅಥವಾ ಜಾಸ್ತಿ ಇದ್ದರೆ ಅನುಮತಿಯನ್ನೂ ಕೇಳು. ಈ ಪ್ರಶ್ನೆಗಳನ್ನು ಕಂಡಕಂಡಲ್ಲಿ ಚೆಲ್ಲಬಾರದು, ಒಂದೇ ಕಡೆ ಇಡಬೇಕು. ಆಂಡ್ರಾಯ್ಡ್‌ಎಕ್ಸ್ ಅನ್ನುವ ಲೈಬ್ರರಿ, ಅಂದರೆ ಗೂಗಲ್ ಕೊಡುವ ಸಿದ್ಧ ಕೋಡಿನ ಸಂಗ್ರಹ, ಇದರಲ್ಲಿ ಬಹಳಷ್ಟು ಭಾರ ಹೊರುತ್ತದೆ.

ಆದರೆ ಅನುಮತಿ ಯಾವಾಗ ಕೇಳಬೇಕು ಅನ್ನುವುದನ್ನು ಯಾವ ಲೈಬ್ರರಿಯೂ ಹೇಳಿಕೊಡುವುದಿಲ್ಲ. ಆ್ಯಪ್ ತೆರೆದ ತಕ್ಷಣ ಸುಮ್ನೆ ಕೇಳಿದರೆ ಅಜ್ಜಿ ಗಾಬರಿಯಿಂದ ಬೇಡ ಅನ್ನುತ್ತಾರೆ. ಎರಡು ಸಲ ಬೇಡ ಅಂದರೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ, ಸೆಟ್ಟಿಂಗ್ಸ್‌ಗೇ ಹೋಗಬೇಕು. ಅವರು ಮಾತ್ರೆಯ ಸಮಯ ತುಂಬಿಸುತ್ತಿರುವಾಗ ಕೇಳಿ. ಏಕೆ ಕೇಳುತ್ತಿದ್ದೇವೆ ಅಂತ ಅವರಿಗೇ ಅರ್ಥವಾಗುತ್ತದೆ.

ಇನ್ನು ಕನಿಷ್ಠ ಆವೃತ್ತಿಯ ಸಂಖ್ಯೆ, ಅಂದರೆ ನಮ್ಮ ಆ್ಯಪ್ ನಡೆಯುವ ಅತಿ ಹಳೆಯ ಆಂಡ್ರಾಯ್ಡ್ ಯಾವುದು ಅನ್ನುವುದು. ಕೋಡ್‌ನಲ್ಲಿ ಅದು ಒಂದೇ ಸಾಲು. ಅದನ್ನು ಏರಿಸಿದರೆ ನಮ್ಮ ಕೆಲಸ ಹಗುರ. ಆದರೆ ಅದಕ್ಕಿಂತ ಹಳೆಯ ಫೋನುಗಳಿಗೆ ಹೊಸ ಅಪ್‌ಡೇಟ್ ತಲುಪುವುದೇ ಇಲ್ಲ. ಎಂದಾದರೂ ಏರಿಸಲೇಬೇಕು, ನಿಜ. ಏರಿಸುವ ಮೊದಲು ಆ ಫೋನುಗಳು ಯಾರ ಕೈಯಲ್ಲಿವೆ ಅಂತ ಲೆಕ್ಕ ನೋಡಿ ಅನ್ನುವುದು ನನ್ನ ಕೋರಿಕೆ. ಹೆಚ್ಚಾಗಿ ಮಕ್ಕಳು ಬಳಸಿ ಕೊಟ್ಟ ಫೋನ್ ಅಪ್ಪ ಅಮ್ಮನ ಕೈಯಲ್ಲಿರುತ್ತದೆ.

ನನ್ನ ಮೇಜಿನ ಮೇಲೆ ಆಂಡ್ರಾಯ್ಡ್ 7ರ ಒಂದು ಫೋನ್ ಸದಾ ಚಾರ್ಜಿಗೆ ಹಾಕಿರುತ್ತದೆ. ಪ್ರತಿ ಅಪ್‌ಡೇಟನ್ನೂ ಮೊದಲು ಅದರಲ್ಲಿ ತೆರೆದು ನೋಡುತ್ತೇನೆ.

ನಮಸ್ಕಾರ.