ಗೋಡೆ ಒಡೆಯದೆ ಕೈತಪ್ಪಿದ ಕೋಟೆ: ಮೊಂಬಾಸಾದ ಫೋರ್ಟ್ ಜೀಸಸ್

[ದೃಶ್ಯ: ಆಕಾಶದಿಂದ ಕೋಟೆ, ಪಕ್ಕದಲ್ಲಿ ಸಮುದ್ರ]

ನಮಸ್ಕಾರ. ಈ ಕೋಟೆಯ ಆಕಾರವನ್ನು ಸ್ವಲ್ಪ ಗಮನಿಸಿ. ಸಮುದ್ರದ ಕಡೆ ತಲೆ, ಇಕ್ಕೆಲಗಳಲ್ಲಿ ಕೈಕಾಲು. ಅಂಗಾತ ಮಲಗಿದ ಮನುಷ್ಯನಂತಿದೆ. ಕೆನ್ಯಾದ ಮೊಂಬಾಸಾದಲ್ಲಿರುವ ಇದು ಫೋರ್ಟ್ ಜೀಸಸ್. 1580ರ ದಶಕದಲ್ಲಿ ತುರ್ಕಿ ನಾಯಕ ಮೀರ್ ಅಲಿ ಬೇ ಈ ಕರಾವಳಿಗೆ ಎರಡು ಬಾರಿ ಬಂದು ಹೋದ ಮೇಲೆ ಪೋರ್ಚುಗೀಸರು ಎಚ್ಚೆತ್ತರು. 1593ರಲ್ಲಿ ಕಟ್ಟಡ ಶುರುವಾಯಿತು. ನಕ್ಷೆ ಇಟಲಿಯ ಜೊವಾನಿ ಬಟಿಸ್ಟಾ ಕೈರಾಟಿಯದು. ಹುಕುಂ ಬರುತ್ತಿದ್ದದ್ದು ನಮ್ಮ ನೆರೆಯ ಗೋವಾದಿಂದ.

[ದೃಶ್ಯ: ಕೊತ್ತಳದ ಮೂಲೆ, ಹತ್ತಿರದಿಂದ]

ಹಳೆಯ ದುಂಡು ಬುರುಜಿನಲ್ಲಿ ಒಂದು ತೊಂದರೆಯಿತ್ತು. ಶತ್ರು ಅದರ ಬುಡಕ್ಕೇ ಬಂದು ನಿಂತರೆ ಮೇಲಿನವರಿಗೆ ಕಾಣುತ್ತಿರಲಿಲ್ಲ. ಇಲ್ಲಿನ ನಾಲ್ಕು ಕೊತ್ತಳಗಳು ಕೋನಾಕೃತಿಯಲ್ಲಿ ಹೊರಚಾಚಿವೆ. ಒಂದರ ಬುಡವನ್ನು ಇನ್ನೊಂದರ ಫಿರಂಗಿ ಕಾಯುತ್ತದೆ. ಗೋಡೆಯ ಮೈ ಮುಟ್ಟಿ ನೋಡಿದರೆ ಒರಟು: ಹವಳದ ಕಲ್ಲು, ಸುಣ್ಣದ ಗಾರೆ. ಕೆಳಗಿನ ಕಂದಕವನ್ನು ಅದೇ ಹವಳದ ಬಂಡೆಯಲ್ಲಿ ಕೊರೆದಿದ್ದಾರೆ. ಲೆಕ್ಕಾಚಾರ ಪಕ್ಕಾ. ಆದರೂ ಕೋಟೆ ಮತ್ತೆ ಮತ್ತೆ ಕೈಬದಲಾಯಿತು, ಅದೂ ಗೋಡೆಯ ತಪ್ಪಿನಿಂದಲ್ಲ.

[ದೃಶ್ಯ: ಹೆಬ್ಬಾಗಿಲು]

1631ರಲ್ಲಿ ಕೋಟೆಯನ್ನು ಕಿತ್ತುಕೊಂಡವನು ಮೊಂಬಾಸಾದ ಸುಲ್ತಾನ ಯೂಸುಫ್. ಪೋರ್ಚುಗೀಸರೇ ಅವನನ್ನು ಬಾಲ್ಯದಲ್ಲಿ ಗೋವಾಕ್ಕೆ ಕರೆದೊಯ್ದು, ಕ್ರೈಸ್ತನನ್ನಾಗಿಸಿ, ಡೋಮ್ ಜೆರೋನಿಮೋ ಎಂದು ಹೆಸರಿಟ್ಟು ಬೆಳೆಸಿದ್ದರು. ಆತ ಕೋಟೆಯ ಕ್ಯಾಪ್ಟನ್‌ನನ್ನು ಕೊಂದು ಒಳಗಿನಿಂದಲೇ ಅದನ್ನು ವಶಪಡಿಸಿಕೊಂಡ. ಮರುವರ್ಷ ಅವನು ಬಿಟ್ಟುಹೋದ ಮೇಲಷ್ಟೇ ಪೋರ್ಚುಗೀಸರು ಹಿಂದಿರುಗಿದರು. ಮುತ್ತಿಗೆ ಹಾಕಿ ಗೆಲ್ಲಲು ಅವರಿಂದಲೂ ಆಗಿರಲಿಲ್ಲ! ತಾವೇ ಕಟ್ಟಿಸಿದ ಕೋಟೆ ಎಷ್ಟು ಗಟ್ಟಿ ಎಂಬುದು ಅವರಿಗೆ ಗೊತ್ತಾದದ್ದು ಹೀಗೆ.

[ದೃಶ್ಯ: ನಕ್ಷೆಯಲ್ಲಿ ಒಮಾನ್, ಗೋವಾ, ಮೊಂಬಾಸಾ]

1696ರ ಮಾರ್ಚ್‌ನಲ್ಲಿ ಒಮಾನಿನ ಅರಬರು ಮುತ್ತಿಗೆ ಹಾಕಿದರು. ಅದು ಮೂವತ್ಮೂರು ತಿಂಗಳು ನಡೆಯಿತು. ಒಳಗಿದ್ದವರನ್ನು ಫಿರಂಗಿಗಿಂತ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಹಸಿವು ಮತ್ತು ರೋಗ. ನೆರವಿಗೆ ಬಂದ ಸಾಂತೊ ಆಂತೋನಿಯೊ ದ ತನ್ನಾ ಎಂಬ ಯುದ್ಧನೌಕೆ 1697ರಲ್ಲಿ ಕೋಟೆಯ ಕಣ್ಣೆದುರೇ ಮುಳುಗಿತು. ಅದನ್ನು ಕಟ್ಟಿದ್ದು ಮುಂಬಯಿ ಬಳಿಯ ವಸಾಯಿಯಲ್ಲಿ. 1698ರ ಡಿಸೆಂಬರ್‌ನಲ್ಲಿ ಒಮಾನಿಗಳು ಗೋಡೆ ಹತ್ತಿ ಒಳನುಗ್ಗಿದಾಗ ತಡೆಯಲು ಉಳಿದಿದ್ದವರು ಬೆರಳೆಣಿಕೆಯ ಜನ. ಕೆಲವೇ ದಿನಗಳ ನಂತರ ಹೊಸ ನೌಕಾಪಡೆ ಬಂತು. ಕೋಟೆಯ ಮೇಲೆ ಒಮಾನಿನ ಬಾವುಟ ಕಂಡು ಹಿಂದಿರುಗಿತು.

1728ರಲ್ಲಿ ಒಮಾನಿಗಳ ಸೈನಿಕರೇ ದಂಗೆ ಎದ್ದದ್ದರಿಂದ ಪೋರ್ಚುಗೀಸರಿಗೆ ಕೋಟೆ ಮತ್ತೊಮ್ಮೆ ದಕ್ಕಿತು. ಮರುವರ್ಷವೇ ಹೋಯಿತು, ಶಾಶ್ವತವಾಗಿ.

[ದೃಶ್ಯ: ವಸ್ತುಸಂಗ್ರಹಾಲಯ]

ಬ್ರಿಟಿಷರು 1895ರಿಂದ ಇದನ್ನು ಜೈಲಾಗಿಸಿದರು. ಈಗ ವಸ್ತುಸಂಗ್ರಹಾಲಯ, 2011ರಿಂದ ವಿಶ್ವ ಪರಂಪರೆಯ ತಾಣವೂ ಹೌದು. ಹೋದವರು ಗೋಡೆ ನೋಡಿ, ಫೋಟೋ ತೆಗೆದು ಹೊರಟುಬಿಡಬೇಡಿ. 1970ರ ದಶಕದ ಕೊನೆಯಲ್ಲಿ ಮುಳುಗುತಜ್ಞರು ಆ ವಸಾಯಿಯ ಹಡಗಿನಿಂದ ಮೇಲೆತ್ತಿದ ಸಾಮಾನುಗಳು ಒಳಗಿವೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಅದೇ.