ಒಂದೂ ಕಾಲು ಸುತ್ತು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದು ಹಳೇ ಟ್ರ್ಯಾಕ್ಟರ್ ಸರಿಮಾಡಿದ ಕತೆ.

ನಮ್ಮೂರ ಕಡೆ ಟ್ರ್ಯಾಕ್ಟರ್ ಅಂದರೆ ಡೀಸೆಲ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಅದಕ್ಕೆ ಇರೋದೇ ಇಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ನಾವು ಮನೆ ಕೊಂಡಾಗ ಶೆಡ್ಡಿನಲ್ಲಿದ್ದ ಹಳೇ ಫೋರ್ಡ್ 8ಎನ್ ಟ್ರ್ಯಾಕ್ಟರೂ ಜೊತೆಗೇ ಬಂತು. ಎಂಜಿನ್ ಪಕ್ಕದಲ್ಲಿ ಕಾರ್ಬೊರೇಟರ್ ನೋಡಿ ನಗು ಬಂತು. ಇದು ನಮ್ಮ ಯಮಹಾ ಬೈಕ್ ಆರ್‌ಎಕ್ಸ್ 100ರ ದೊಡ್ಡಪ್ಪ ಅಲ್ವಾ ಅನಿಸಿತು.

8ಎನ್ ತಯಾರಾದದ್ದು 1947ರಿಂದ 1952ರವರೆಗೆ, ಇದೇ ಮಿಷಿಗನ್ನಿನ ಹೈಲ್ಯಾಂಡ್ ಪಾರ್ಕ್‌ನಲ್ಲಿ. ಐದು ಲಕ್ಷಕ್ಕೂ ಜಾಸ್ತಿ ಮಾಡಿದರು. ಬೂದು ಬಾನೆಟ್, ಕೆಂಪು ಎಂಜಿನ್, ನಾಲ್ಕು ಸಿಲಿಂಡರ್, ಪೆಟ್ರೋಲ್. ಆರು ವೋಲ್ಟಿನ ಬ್ಯಾಟರಿ, ಅದರಲ್ಲೂ ಮೈನಸ್ ಬದಲು ಪ್ಲಸ್ ತಂತಿ ಟ್ರ್ಯಾಕ್ಟರಿನ ಲೋಹದ ಮೈಗೆ! 1938ರಲ್ಲಿ ಹೆನ್ರಿ ಫೋರ್ಡ್ ಮತ್ತು ಟ್ರ್ಯಾಕ್ಟರ್ ವಿನ್ಯಾಸಕ ಹ್ಯಾರಿ ಫರ್ಗ್ಯುಸನ್ ಬರೀ ಕೈ ಕುಲುಕಿ ಟ್ರ್ಯಾಕ್ಟರ್ ಮಾಡುವ ಒಪ್ಪಂದ ಮಾಡಿಕೊಂಡಿದ್ದರು, ಆ ವಂಶದ್ದು ಇದು. ಆಮೇಲೆ ಆ ಸ್ನೇಹ ಮುರಿದು ಕೋರ್ಟು ಹತ್ತಿತು. ಆ ಕತೆ ಇನ್ನೊಂದು ದಿನ.

ಚಳಿಗಾಲದಲ್ಲಿ ಕಾರ್ಬೊರೇಟರ್ ಬಿಚ್ಚಿ ಅಡುಗೆಮನೆ ಮೇಜಿನ ಮೇಲೆ ಹರಡಿದೆ. ಮನೆಯಲ್ಲಿ ಬೈಗುಳವೂ ಸಿಕ್ಕಿತು. ತೊಳೆದು, ರಿಪೇರಿ ಕಿಟ್ ತಂದು, ಪೆಟ್ರೋಲ್ ಬಿಡುವ ಮುಚ್ಚುವ ಹೊಸ ಸೂಜಿ, ಜೋಡಣೆ ಸೋರದಂತೆ ನಡುವೆ ಇಡುವ ಹೊಸ ಗ್ಯಾಸ್ಕೆಟ್ ಎಲ್ಲ ಹಾಕಿದೆ. ಮುಚ್ಚಳ ತಲೆಕೆಳಗೆ ಹಿಡಿದಾಗ ಗ್ಯಾಸ್ಕೆಟ್ಟಿಗೂ, ಪೆಟ್ರೋಲ್ ಮೇಲೆ ತೇಲಿ ಅದರ ಮಟ್ಟ ಹಿಡಿಯುವ ಫ್ಲೋಟಿಗೂ ನಡುವೆ ಕಾಲು ಇಂಚು ಸಂದು ಬೇಕು. ನಾನು ಗ್ಯಾಸ್ಕೆಟ್ ಇಡದೇ ಅಳೆದಿದ್ದೆ. ಪೆಟ್ರೋಲ್ ಮಟ್ಟ ಮೇಲೇರಿ ಹನಿ ಹನಿ ಸೋರತೊಡಗಿತು. ಪುಣ್ಯಕ್ಕೆ ಇದರ ಕಾರ್ಬೊರೇಟರ್ ಎಂಜಿನ್ನಿಗೆ ಮಿಶ್ರಣ ಒಯ್ಯುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ ಕೆಳಗೆ ಇದೆ, ಗಾಳಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಸೋರಿದ್ದು ಎಂಜಿನ್ನಿಗೆ ಇಳಿಯದೆ ನೆಲಕ್ಕೆ ಬಿತ್ತು. ಮತ್ತೆ ಬಿಚ್ಚಿದೆ.

ಎರಡನೇ ಸಲ ಸೋರಲಿಲ್ಲ. ಆದರೆ ಎಂಜಿನ್ ಎರಡು ನಿಮಿಷ ಓಡಿ ನಿಲ್ಲೋದು. ಸ್ಕ್ರೂ ತಿರುಗಿಸಿದೆ, ತಿರುಗಿಸಿದೆ, ಏನೂ ಇಲ್ಲ. ಪಕ್ಕದ ತೋಟದ ಅಜ್ಜ ಬೇಲಿ ಹತ್ತಿರ ನಿಂತು ನೋಡುತ್ತಿದ್ದವರು, ಕಾರ್ಬೊರೇಟರಿನ ಅಡಿಯಲ್ಲಿ ಪೆಟ್ರೋಲ್ ಹೊರಗೆ ಬಿಡುವ ಡ್ರೈನ್ ಬೋಲ್ಟ್ ತೋರಿಸಿ ಅದನ್ನು ಬಿಚ್ಚು ಅಂದರು. ಇದಕ್ಕೆ ಪಂಪಿಲ್ಲ. ಟ್ಯಾಂಕ್ ಮೇಲಿದೆ, ಪೆಟ್ರೋಲ್ ತಾನಾಗೇ ಇಳಿಯಬೇಕು. ಎರಡು ನಿಮಿಷಕ್ಕೆ ಅರ್ಧ ಲೀಟರಿನಷ್ಟಾದರೂ ಬರಬೇಕು. ಡಬ್ಬಿ ಹಿಡಿದೆ. ಮೊದಲು ಜೋರಾಗಿ ಬಂತು, ಆಮೇಲೆ ದಾರದಷ್ಟು, ಆಮೇಲೆ ತೊಟ್ಟು. ಪೆಟ್ರೋಲ್ ಪೈಪ್ ಸೇರುವ ಮೊಣಕೈಯಂತೆ ಬಾಗಿದ ಹಿತ್ತಾಳೆ ತುಂಡಿನಲ್ಲಿ ಬೆರಳ ತುದಿಯಷ್ಟು ಜಾಲರಿ ಇದೆ. ಅದರಲ್ಲಿ ಕಾಫಿ ಚರಟದ ಹಾಗೆ ತುಕ್ಕು ಕೂತಿತ್ತು. ಅಷ್ಟು ದಿನ ನಾನು ಸುಮ್ನೆ ಸ್ಕ್ರೂಗಳ ಮೇಲೆ ಸಿಟ್ಟು ತೀರಿಸಿಕೊಂಡಿದ್ದೆ.

ಹಾಗೇ ಕರೆಂಟ್ ಕಡೆಯನ್ನೂ ನೋಡಿ ಬಿಡಿ ಅನ್ನುತ್ತೇನೆ. ಕಿಡಿ ಹಾರಿಸಲು ಕರೆಂಟ್ ಕಡಿಯುವ ಪಾಯಿಂಟುಗಳ ನಡುವಿನ ಸಂದು ಸರಿ ಇಲ್ಲದೆ ಎಂಜಿನ್ ಕೆಮ್ಮಿದರೂ ಬೈಸಿಕೊಳ್ಳುವುದು ಕಾರ್ಬೊರೇಟರ್.

ಈಗ ಟ್ಯೂನಿಂಗ್. ಸ್ಕ್ರೂ ಎರಡು. ಐಡಲ್‌ಗೆ, ಅಂದರೆ ಕೆಲಸವಿಲ್ಲದೆ ನಿಧಾನ ಓಡುವುದಕ್ಕೆ ಒಂದು, ಕೆಲಸದ ಪೆಟ್ರೋಲಿಗೆ ಮೇನ್ ಸ್ಕ್ರೂ ಇನ್ನೊಂದು. ಎರಡನ್ನೂ ಮೆಲ್ಲಗೆ ಕೂರುವ ತನಕ ಒಳಗೆ ತಿರುಗಿಸಿ, ಒಂದೊಂದು ಸುತ್ತು ಹೊರಗೆ ಬಿಟ್ಟೆ. ಬಿಗಿ ಮಾಡಿದರೆ ಸೂಜಿ ತುದಿ ಹಾಳು. ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಕಾದೆ, ತಣ್ಣಗಿದ್ದಾಗ ಗಾಳಿ ತಡೆಯುವ ಚೋಕ್ ಪೂರ್ತಿ ತೆರೆದೆ.

ಇಲ್ಲೊಂದು ತಮಾಷೆ ಇದೆ. ಮೇನ್ ಸ್ಕ್ರೂ ಹೊರಗೆ ಬಿಟ್ಟಷ್ಟೂ ಪೆಟ್ರೋಲ್ ಜಾಸ್ತಿ. ಐಡಲ್ ಸ್ಕ್ರೂ ಮಾತ್ರ ತದ್ವಿರುದ್ಧ. ಅದು ಹಿಡಿಯುವುದು ಗಾಳಿಯನ್ನು. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿ, ಮಿಶ್ರಣ ಗಟ್ಟಿ. ಆರ್‌ಎಕ್ಸ್‌ನ ಏರ್ ಸ್ಕ್ರೂ ಕೂಡ ಹೀಗೇ. ಕಾಲೇಜಿನಲ್ಲಿ ಅದನ್ನು ತಿರುಗಿಸಿ ಕೈ ಪಳಗಿತ್ತು, ಇಲ್ಲದಿದ್ದರೆ ಇಡೀ ದಿನ ಉಲ್ಟಾ ತಿರುಗಿಸುತ್ತಿದ್ದೆ. ಟ್ರ್ಯಾಕ್ಟರಿನ ಐಡಲ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಹೊರಗೆ ಬಿಟ್ಟೆ. ಗುಡುಗುಡು ಅಂತಿದ್ದ ಸದ್ದು ಹಗುರಾಯಿತು. ಇನ್ನೊಂದು ಕಾಲು ಸುತ್ತಿಗೆ ಎಂಜಿನ್ ನಡುಗಿತು. ಅಷ್ಟನ್ನು ವಾಪಸ್ ಒಳಗೆ ತಂದೆ.

ಮೇನ್ ಸ್ಕ್ರೂ ನಿಂತಲ್ಲೇ ಹೊಂದುವುದಿಲ್ಲ. ಖಾಲಿ ಓಡುವಾಗ ಎಲ್ಲವೂ ಚೆನ್ನ. ಹಿಂದೆ ಹುಲ್ಲು ಕೊಯ್ಯುವ ಯಂತ್ರ ಕಟ್ಟಿ ಸೊಂಟದೆತ್ತರದ ಹುಲ್ಲಿಗೆ ಇಳಿದೆ. ಊಂ... ಊಂ... ಅಂತ ಏರುವುದು, ಇಳಿಯುವುದು. ಪೆಟ್ರೋಲ್ ಸಾಲದು ಅಂತ ಅದರ ಅರ್ಥ. ನಿಲ್ಲಿಸಿ, ಅರ್ಧ ಸುತ್ತು ಹೊರಗೆ. ಈಗ ಏರಿಳಿತ ಹೋಯಿತು, ಕಪ್ಪು ಹೊಗೆ ಬಂತು. ಕಾಲು ಸುತ್ತು ಒಳಗೆ. ಹೊಗೆ ನಿಂತಿತು, ಸದ್ದು ಒಂದೇ ಸಮನಾಯಿತು.

ಅಂದರೆ ಮೇನ್ ಸ್ಕ್ರೂ ಒಟ್ಟು ಒಂದೂ ಕಾಲು ಸುತ್ತು ಹೊರಗೆ. ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಡಿಸೆಂಬರಿನ ಚಳಿಗೆ ಇನ್ನೊಂದು ಚೂರು ಹೊರಗೆ ಬೇಕಾಗುತ್ತದೆ ಅಂತ ಅಜ್ಜ ಆಗಲೇ ಹೇಳಿದ್ದಾರೆ.

ನಮಸ್ಕಾರ.